ಮುನ್ನೂರು ಬೈಟುಗಳ ಗುಟ್ಟು

ಹಸ್ತಪ್ರತಿಯಲ್ಲಿ ಕವಿ ಹೊಡೆದುಹಾಕಿದ ಸಾಲನ್ನು ನಾವು ಓದಬಹುದೆ, ಓದಬಾರದೆ ಎಂಬ ಪ್ರಶ್ನೆ ಗ್ರಂಥಸಂಪಾದಕರಿಗೆ ಹೊಸದಲ್ಲ. ಆ ಸಾಲು ಕವಿಯದೇ, ಸಂದೇಹವಿಲ್ಲ. ಆದರೆ ಕವಿ ಬೇಡವೆಂದ ಸಾಲು. ಅದನ್ನು ಅಡಿಟಿಪ್ಪಣಿಗೆ ಇಳಿಸಿ ತೃಪ್ತರಾಗುವವರುಂಟು. ಕಂಡೂ ಕಾಣದಂತೆ ಪುಟ ಮಗುಚುವವರುಂಟು. ಈ ಪ್ರಶ್ನೆ ಮಕ್ಕಳ ಆಟಿಕೆಯೊಂದರ ವಿಷಯದಲ್ಲಿ ನನ್ನನ್ನು ಕಾಡೀತೆಂದು ಮಾತ್ರ ನಾನು ಎಣಿಸಿರಲಿಲ್ಲ. ಅಕ್ಕನ ಮಗ ಪರದೇಶಕ್ಕೆ ಹೋಗುವಾಗ ಬಿಟ್ಟುಹೋದ ಪೆಟ್ಟಿಗೆಯಲ್ಲಿ ಒಂದು ಗೇಮ್ ಬಾಯ್ ಯಂತ್ರವೂ, ಕೆಂಪು ಬಣ್ಣದ ಪೋಕೆಮಾನ್ ಕಾರ್ಟ್ರಿಜ್ ಒಂದೂ ಇದ್ದವು. ಬೇಸರ ಕಳೆಯಲೆಂದು ಕೈಗೆತ್ತಿಕೊಂಡದ್ದು ಎರಡು ತಿಂಗಳು ಕೈಬಿಡಲಿಲ್ಲ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಮನೆಯವರು ಕೇಳಿದರು. ಅವರಿಗೆ ಕೊಡಲಾಗದ ಉತ್ತರವನ್ನು ಇಲ್ಲಿ ಕೊಡಲು ಯತ್ನಿಸುತ್ತೇನೆ.

ಮೊದಲು ಕೃತಿಯ ಪರಿಚಯ. ೧೯೯೬ನೆಯ ಇಸವಿ ಫೆಬ್ರವರಿ ೨೭ರಂದು ಜಪಾನಿನಲ್ಲಿ ಕೆಂಪು, ಹಸಿರು ಎಂಬ ಎರಡು ಪಾಠಗಳಲ್ಲಿ ಈ ಆಟ ಹೊರಬಿತ್ತು. ಮಾಡಿದವರು ಗೇಮ್ ಫ್ರೀಕ್ ಎಂಬ ಚಿಕ್ಕ ಕೂಟದವರು. ನಿರ್ದೇಶಕ ಸತೋಷಿ ತಾಜಿರಿ. ಬಾಲ್ಯದಲ್ಲಿ ಹೊಲಗದ್ದೆಗಳಲ್ಲಿ ಹುಳುಹುಪ್ಪಟೆ ಹಿಡಿದು ಕೂಡಿಡುತ್ತಿದ್ದ ಈ ಮನುಷ್ಯ, ಆ ಸುಖವನ್ನು ಸಿಮೆಂಟಿನ ನಗರದ ಮಕ್ಕಳಿಗೂ ಉಣಿಸಬೇಕೆಂದು ಬಯಸಿದರು. ಆಡುವ ಬಾಲಕ ಊರೂರು ಸುತ್ತಿ, ಹುಲ್ಲಿನಲ್ಲಿ ಅಡಗಿರುವ ವಿಚಿತ್ರ ಪ್ರಾಣಿಗಳನ್ನು ಹಿಡಿದು, ಪಳಗಿಸಿ, ಪಂದ್ಯಗಳಲ್ಲಿ ಗೆದ್ದು, ಕೊನೆಗೆ ಅಗ್ರಗಣ್ಯನಾಗಬೇಕು. ಕಥೆ ಇಷ್ಟೆ. ಯಂತ್ರವೋ ೧೯೮೯ರದು: ೧೬೦ ಚುಕ್ಕಿ ಅಗಲ, ೧೪೪ ಚುಕ್ಕಿ ಎತ್ತರದ ಪರದೆ, ಬೂದಿಹಸಿರಿನ ನಾಲ್ಕು ಛಾಯೆ. ಜಪಾನಿನ ಮೊದಲ ಪ್ರತಿಯ ಇಡೀ ಬ್ರಹ್ಮಾಂಡ ೫೧೨ ಕಿಲೋಬೈಟುಗಳೊಳಗೆ ಅಡಗಿತ್ತು. ಇಂದು ಜೇಬಿನ ಫೋನಿನಲ್ಲಿ ತೆಗೆಯುವ ಒಂದೇ ಒಂದು ಚಿತ್ರಕ್ಕೆ ಅದರ ಹಲವು ಪಟ್ಟು ಜಾಗ ಬೇಕು. ಮುಂದೆ ಹೇಳುವುದೆಲ್ಲ ಈ ಇಕ್ಕಟ್ಟಿನಿಂದ ಹುಟ್ಟಿದ್ದಾದ್ದರಿಂದ ಓದುಗರು ಈ ಲೆಕ್ಕವನ್ನು ನೆನಪಿನಲ್ಲಿಡಬೇಕು.

ಇನ್ನು ಒಳಗೆ ಉಳಿದದ್ದರ ಮಾತು.

ಈ ಆಟದಲ್ಲಿ ಹಿಡಿಯಬಹುದಾದ ಪ್ರಾಣಿಗಳು ೧೫೦. ಆದರೆ ಕಾರ್ಟ್ರಿಜ್ಜಿನ ಒಳಗಣ ಪಟ್ಟಿಯಲ್ಲಿ ಇರುವ ಮನೆಗಳು ೧೯೦. ಆಟಗಾರನಿಗೆ ತೋರಿಸುವ ಕ್ರಮಸಂಖ್ಯೆ ಒಂದು. ಯಂತ್ರ ತನ್ನೊಳಗೆ ಎಣಿಸುವ ಸಂಖ್ಯೆಯೇ ಬೇರೊಂದು. ಹೊರಗಿನ ಪಟ್ಟಿ ಅಚ್ಚುಕಟ್ಟಾದದ್ದು: ಗಿಡದ ಪ್ರಾಣಿ, ಬೆಂಕಿಯ ಪ್ರಾಣಿ, ನೀರಿನ ಪ್ರಾಣಿ ಎಂದು ಪಾಠಪಟ್ಟಿಯಂತೆ ಆರಂಭವಾಗುತ್ತದೆ. ಒಳಗಿನ ಪಟ್ಟಿ ಹಾಗಲ್ಲ. ಅದರ ಮೊದಲನೆಯ ಮನೆಯಲ್ಲಿ ನಿಂತಿರುವುದು ರೈಡಾನ್ ಎಂಬ ಖಡ್ಗಮೃಗ. ಎರಡನೆಯದರಲ್ಲಿ ಹೊಟ್ಟೆಯ ಚೀಲದಲ್ಲಿ ಮರಿ ಹೊತ್ತ ಕ್ಯಾಂಗಾಸ್ಕ್ಯಾನ್. ಮಾಡಿದವರಿಗೆ ಮೊದಲು ಹೊಳೆದ ಪ್ರಾಣಿ ರೈಡಾನ್. ಹೊರಗಿನ ಸಂಖ್ಯೆ ಪೀಠಿಕೆಯಾದರೆ ಒಳಗಿನ ಸಂಖ್ಯೆ ದಿನಚರಿ. ಇವೆರಡನ್ನೂ ಒಂದರ ಪಕ್ಕ ಒಂದಿಟ್ಟು ಓದುವವನಿಗೆ ಕಲ್ಪನೆ ಯಾವ ದಾರಿಯಲ್ಲಿ ನಡೆಯಿತು, ಆಮೇಲೆ ಸಂಕೋಚಪಟ್ಟು ಯಾವ ದಾರಿಯಲ್ಲಿ ನಡೆದಂತೆ ತೋರಿಸಿಕೊಂಡಿತು ಎಂಬುದು ಕಾಣುತ್ತದೆ. ನಮ್ಮ ಕವಿಗಳ ಸಂಕಲನಗಳ ವಿಷಯದಲ್ಲಿ ಇಂಥ ಎರಡು ಪಟ್ಟಿ ದೊರೆತಿದ್ದರೆ ಎಂದು ನಿಟ್ಟುಸಿರಿಟ್ಟೆ.

೧೯೦ರಲ್ಲಿ ೩೯ ಮನೆಗಳು ಖಾಲಿ. ಅಲ್ಲಲ್ಲಿ, ಹಲ್ಲು ಬಿದ್ದ ಬಾಯಿಯಂತೆ. ಒಂದೊಂದರ ಬಾಗಿಲಿಗೂ ಒಂದೇ ಹಲಗೆ ನೇತುಹಾಕಿದೆ: ‘ಮಿಸ್ಸಿಂಗ್‌ನೊ’. ಸಂಖ್ಯೆ ಕಾಣೆಯಾಗಿದೆ ಎಂದು ಅದರ ಅರ್ಥ. ಯಾವುದೋ ಪ್ರಾಣಿ ಅಲ್ಲಿ ಇದ್ದು ಹೋಗಿರಬೇಕು, ಅಥವಾ ಬರಬೇಕಾಗಿದ್ದದ್ದು ಬಾರದೆ ಉಳಿದಿರಬೇಕು. ಮನೆ ಕೆಡವಿದರೆ ಮುಂದಿನವುಗಳ ಸಂಖ್ಯೆಯೆಲ್ಲ ಬದಲಾಗಿ ಅನರ್ಥವಾದೀತು. ಆದ್ದರಿಂದ ಖಾಲಿ ಬಿಟ್ಟು ಬೀಗ ಹಾಕಿದರು. ಆದರೆ ಬೀಗ ಭದ್ರವಾಗಿರಲಿಲ್ಲ.

ಇಂಗ್ಲಿಷ್ ಪ್ರತಿಯಲ್ಲಿ (ಅದು ಅಮೆರಿಕದಲ್ಲಿ ೧೯೯೮ರ ಸೆಪ್ಟೆಂಬರಿನಲ್ಲಿ ಬಂದದ್ದು) ಮಕ್ಕಳು ಕಂಡುಹಿಡಿದ ಒಂದು ಕ್ರಮವಿದೆ. ವಿರಿಡಿಯನ್ ಎಂಬ ಊರಿನಲ್ಲಿ ಒಬ್ಬ ಮುದುಕ ಪ್ರಾಣಿ ಹಿಡಿಯುವ ಬಗೆಯನ್ನು ಆಡುವವನಿಗೆ ತೋರಿಸಿಕೊಡುತ್ತಾನೆ. ತೋರಿಸುವಷ್ಟು ಹೊತ್ತು ಪರದೆಯ ಮೇಲೆ ಆಟಗಾರನ ಹೆಸರಿನ ಬದಲು ಮುದುಕನ ಹೆಸರು ಬರಬೇಕಲ್ಲ. ಅದಕ್ಕಾಗಿ ಯಂತ್ರ ಆಟಗಾರನ ಹೆಸರನ್ನು ಎತ್ತಿ ತಾತ್ಕಾಲಿಕವಾಗಿ ಬೇರೊಂದು ಗೂಡಿನಲ್ಲಿ ಇಡುತ್ತದೆ. ಆ ಗೂಡು ಯಾವುದು? ಯಾವ ಊರಿನ ಹುಲ್ಲಿನಲ್ಲಿ ಯಾವ ಪ್ರಾಣಿ ಎದುರಾಗಬೇಕೆಂಬ ಪಟ್ಟಿ ಇರುವ ಗೂಡು. ಸಾಮಾನ್ಯವಾಗಿ ಇದರಿಂದ ತೊಂದರೆಯಿಲ್ಲ. ಮುಂದಿನ ಹುಲ್ಲುಗಾವಲಿಗೆ ಕಾಲಿಟ್ಟೊಡನೆ ಹೊಸ ಪಟ್ಟಿ ಬಂದು ಕುಳಿತು ಹಳೆಯದು ಅಳಿಸಿಹೋಗುತ್ತದೆ. ಆದರೆ ಸಿನ್ನಬಾರ್ ಎಂಬ ದ್ವೀಪಕ್ಕೆ ಹುಲ್ಲಿನ ಪಟ್ಟಿಯೇ ಇಲ್ಲ. ಅದರ ಪೂರ್ವತೀರದ ಅಂಚಿನಲ್ಲಿ ಒಂದು ಎಡವಟ್ಟು: ನೋಡುವ ಕಣ್ಣಿಗೆ ಅದು ನೀರು, ಯಂತ್ರದ ಲೆಕ್ಕಕ್ಕೆ ನೆಲ. ಮುದುಕನನ್ನು ಕಂಡು, ನೇರವಾಗಿ ಹಾರಿಬಂದು, ಆ ಅಂಚಿನಲ್ಲಿ ಮೇಲೆ ಕೆಳಗೆ ಈಜುತ್ತಿದ್ದರೆ, ಗೂಡಿನಲ್ಲಿ ಉಳಿದಿದ್ದ ಆಟಗಾರನ ಹೆಸರನ್ನೇ ಯಂತ್ರ ಪ್ರಾಣಿಗಳ ಪಟ್ಟಿಯೆಂದು ಓದುತ್ತದೆ. ಹೆಸರಿನ ಕೆಲವು ಅಕ್ಷರಗಳು ಪ್ರಾಣಿಯ ಸಂಖ್ಯೆಯಾಗುತ್ತವೆ. ಕೆಲವು ಅದರ ಬಲದ ಮಟ್ಟವಾಗುತ್ತವೆ. ನೂರೇ ಮಿತಿಯೆಂದು ಶಾಸ್ತ್ರ ಮಾಡಿದ್ದ ಆಟದಲ್ಲಿ ನೂರನ್ನು ಮೀರಿದ ಮಟ್ಟದ ಪ್ರಾಣಿಗಳು ಎದ್ದುಬರುತ್ತವೆ. ಅವುಗಳ ನಡುವೆ, ಎಡಬಲ ತಿರುಗಿದ ‘ಎಲ್’ ಅಕ್ಷರದಂತೆ ಚುಕ್ಕಿಗಳ ಒಂದು ಕಲಸುಮೇಲೋಗರವೂ ಬರುತ್ತದೆ. ಅದೇ ಮಿಸ್ಸಿಂಗ್‌ನೊ.

ಮಕ್ಕಳು ಇದನ್ನು ಹುಡುಕಿದ್ದು ಲೋಭಕ್ಕಾಗಿ. ಅದು ಕಣ್ಣಿಗೆ ಬಿದ್ದೊಡನೆ ಚೀಲದ ಆರನೆಯ ವಸ್ತು ೧೨೮ರಷ್ಟು ಹೆಚ್ಚುತ್ತದೆ. ಪ್ರಾಣಿಯ ಬಲ ಹೆಚ್ಚಿಸುವ ಮಿಠಾಯಿಯನ್ನು ಆರನೆಯ ಸ್ಥಾನದಲ್ಲಿಟ್ಟು ಈಜುತ್ತಿದ್ದ ಬಾಲಕರು ಲೋಕದ ತುಂಬ ಇದ್ದರು. ಪ್ರತಿಯಾಗಿ ತೆರಬೇಕಾದದ್ದು, ಗೆದ್ದವರ ಚಿತ್ರಶಾಲೆಯಲ್ಲಿ ತಮ್ಮ ಹಳೆಯ ಚಿತ್ರಗಳು ಕಲಸಿಹೋಗುವುದು. ಈ ಲೆಕ್ಕದಲ್ಲಿ ನೀತಿಪಾಠ ಹುಡುಕುವವರು ಹುಡುಕಲಿ. ನನಗೆ ಹಿಡಿಸಿದ್ದು ಬೇರೆ. ಇಡೀ ಆಟದಲ್ಲಿ ಆಟಗಾರನ ಹೆಸರಿಗೆ ಯಾವ ಬೆಲೆಯೂ ಇಲ್ಲ. ರಾಮ ಎಂದಿಟ್ಟರೂ ಭೀಮ ಎಂದಿಟ್ಟರೂ ಕಥೆ ಅದೇ. ಈ ಒಂದು ತೀರದಲ್ಲಿ ಮಾತ್ರ ಹೆಸರು ಬದಲಾದರೆ ಲೋಕ ಬದಲಾಗುತ್ತದೆ. ತನ್ನ ಹೆಸರಿನೊಳಗೆ ಅಡಗಿದ್ದ ಪ್ರೇತಗಳನ್ನು ಬಾಲಕ ಎದುರಿಸುತ್ತಾನೆ. ಇದನ್ನು ಯಾರೂ ಬರೆಯಲಿಲ್ಲ. ಬರೆದಿದ್ದರೆ ಇಷ್ಟು ಚೆನ್ನಾಗಿ ಬರೆಯಲಾಗುತ್ತಿರಲಿಲ್ಲ ಎಂಬುದು ನನ್ನ ಗುಮಾನಿ. ಕರ್ತೃವಿಲ್ಲದ ಕಡೆ ಧ್ವನಿಯನ್ನು ಆರೋಪಿಸಬಹುದೆ ಎಂದು ಆಲಂಕಾರಿಕರು ಗದರಿಸಿಯಾರು. ಒಪ್ಪಿದೆ. ಆದರೆ ಸಹೃದಯನ ಮೈ ನವಿರೆದ್ದದ್ದು ಸುಳ್ಳಲ್ಲ.

ಎರಡನೆಯ ಜಾತಿಯ ಉಳಿಕೆ ಇದಕ್ಕಿಂತ ಸ್ಪಷ್ಟವಾದದ್ದು: ಕರ್ತೃಗಳು ಬರೆದು, ಬೇಡವೆಂದು ಬಿಟ್ಟ ಪ್ರಸಂಗ. ಆಟದ ಆರಂಭದಲ್ಲಿ ಬಾಲಕನಿಗೆ ಮೊದಲ ಪ್ರಾಣಿಯನ್ನು ಕೊಟ್ಟು ಕಳುಹಿಸುವವರು ಪ್ರೊಫೆಸರ್ ಓಕ್. ಕೊನೆಯಲ್ಲಿ ಬಾಲಕ ಸೋಲಿಸಬೇಕಾದ ಎದುರಾಳಿ ಅವರ ಮೊಮ್ಮಗನೇ. ಅವನ ಅತಿ ಬಲಿಷ್ಠ ಪ್ರಾಣಿ ೬೫ನೆಯ ಮಟ್ಟದ್ದು. ಅಷ್ಟಕ್ಕೆ ಆಟ ಮುಗಿಯಿತು. ಆದರೆ ಕಾರ್ಟ್ರಿಜ್ಜಿನೊಳಗೆ, ಯಾವ ದಾರಿಯಿಂದಲೂ ತಲುಪಲಾಗದ ಒಂದು ಮೂಲೆಯಲ್ಲಿ, ಸ್ವತಃ ಓಕರ ಸೈನ್ಯ ಸಜ್ಜಾಗಿ ನಿಂತಿದೆ: ಟಾರಸ್ ೬೬, ಎಕ್ಸೆಗ್ಯುಟರ್ ೬೭, ಆರ್ಕನೈನ್ ೬೮, ಗ್ಯಾರಡೋಸ್ ೭೦. ೬೯ನೆಯ ಮಟ್ಟದ ಜಾಗಕ್ಕೆ ಮೂರು ಪಾಠಾಂತರ. ಮೊದಲ ದಿನ ಮೇಜಿನ ಮೇಲಿದ್ದ ಮೂರು ಪ್ರಾಣಿಗಳಲ್ಲಿ ಒಂದು ಬೆಳೆದು ದೊಡ್ಡದಾದ ರೂಪ. ಮೊಮ್ಮಗನ ೬೫ ಮುಗಿದಲ್ಲಿಂದ ತಾತನ ೬೬ ಶುರುವಾಗುವುದನ್ನು ನೋಡಿದರೆ, ಈ ಕಾಳಗ ಎಲ್ಲಿ ಬರಬೇಕಾಗಿತ್ತೆಂದು ಊಹಿಸುವುದು ಕಷ್ಟವಲ್ಲ.

ಇದನ್ನು ಏಕೆ ಬಿಟ್ಟರು? ಈಗ ಇರುವ ಮುಕ್ತಾಯವನ್ನು ನೋಡೋಣ. ಬಾಲಕ ಗೆದ್ದೊಡನೆ ಓಕ್ ಬರುತ್ತಾರೆ; ಸೋತ ಮೊಮ್ಮಗನಿಗೆ, ನೀನು ನಿನ್ನ ಪ್ರಾಣಿಗಳನ್ನು ವಿಶ್ವಾಸದಿಂದಲೂ ಪ್ರೀತಿಯಿಂದಲೂ ನಡೆಸಿಕೊಳ್ಳುವುದನ್ನು ಮರೆತೆ, ಅದಕ್ಕೇ ಸೋತೆ ಎನ್ನುತ್ತಾರೆ. ಆ ಮಾತು ಸ್ವಲ್ಪ ಕ್ರೂರವಾದದ್ದೇ. ಹುಡುಗ ಅಗ್ರಪಟ್ಟದಲ್ಲಿ ಕುಳಿತದ್ದು ಕೆಲವು ನಿಮಿಷ. ತಾತ ಬಂದದ್ದು ಬೇರೆಯವನ ಬೆನ್ನು ತಟ್ಟಲು. ಆಟದ ಬಡಕಲು ಗದ್ಯದಲ್ಲಿ ಮನುಷ್ಯಸಂಬಂಧದ ನೋವು ಇಣುಕುವ ಅಪರೂಪದ ಗಳಿಗೆಗಳಲ್ಲಿ ಇದೊಂದು. ಆ ಮಾತಾಡಿದ ಮೇಲೆ ಓಕ್ ತಾವೇ ಚೆಂಡುಗಳನ್ನು ತೆಗೆದು ಅಖಾಡಕ್ಕೆ ಇಳಿದರೆ ಏನಾಗುತ್ತಿತ್ತು? ಗುರು ಮಲ್ಲನಾಗಿಬಿಡುತ್ತಿದ್ದ. ಮೊಮ್ಮಗನ ಸೋಲು ಅಂತ್ಯವಾಗದೆ ಮೆಟ್ಟಿಲಾಗುತ್ತಿತ್ತು. ಕ್ಷೇಮೇಂದ್ರ ಔಚಿತ್ಯವೆಂದದ್ದು ಇದನ್ನೇ. ಕಾರಣ ಸಮಯದ ಅಭಾವವೋ, ವಿವೇಚನೆಯೋ, ಅಂತೂ ಬಿಟ್ಟದ್ದು ಒಳ್ಳೆಯದಾಯಿತು. ಇಲ್ಲದ ಆ ಕಾಳಗವನ್ನು ಯಂತ್ರಕ್ಕೆ ಬಲಾತ್ಕಾರ ಮಾಡಿ ಆಡಿಸಿ ಮೆರೆಯುವವರಿದ್ದಾರೆ, ನಾನೂ ನೋಡಿದೆ. ಕುತೂಹಲ ತೀರಿತು, ಅಷ್ಟೆ. ಆದರೂ ಆ ಪಟ್ಟಿ ಅಲ್ಲಿ ಉಳಿದದ್ದರಿಂದ ನಮಗೊಂದು ಲಾಭವಿದೆ. ಕರ್ತೃ ಯಾವುದನ್ನು ಬಿಟ್ಟನೆಂದು ತಿಳಿಯದೆ, ಇಟ್ಟದ್ದರ ಬೆಲೆ ಪೂರ್ತಿ ತಿಳಿಯುವುದಿಲ್ಲ.

ಈಗ ಮುಖ್ಯವಾದ ಗುಟ್ಟಿಗೆ ಬರೋಣ. ಸಿನ್ನಬಾರ್ ದ್ವೀಪದಲ್ಲಿ ಒಂದು ಸುಟ್ಟ ಬಂಗಲೆಯಿದೆ. ಅದರ ಕೋಣೆಗಳಲ್ಲಿ ಒಂದು ದಿನಚರಿಯ ಹರಿದ ಪುಟಗಳು ಸಿಗುತ್ತವೆ. ಜುಲೈ ೫ರ ಪುಟದಲ್ಲಿ, ದಕ್ಷಿಣ ಅಮೆರಿಕದ ಗಯಾನದ ಕಾಡಿನಲ್ಲಿ ಹೊಸ ಪ್ರಾಣಿಯೊಂದು ಸಿಕ್ಕಿದ ಸುದ್ದಿ. ೧೦ರಂದು ಅದಕ್ಕೆ ಮ್ಯೂ ಎಂಬ ನಾಮಕರಣ. ಫೆಬ್ರವರಿ ೬ರಂದು ಅದು ಮರಿ ಹಾಕಿದ, ಮರಿಗೆ ಮ್ಯೂಟೂ ಎಂದು ಹೆಸರಿಟ್ಟ ಸಂಗತಿ. ಸೆಪ್ಟೆಂಬರ್ ೧ರಂದು, ಮರಿ ಕೈಮೀರಿಹೋಯಿತೆಂಬ ಉದ್ಗಾರ. ಮತ್ತೇನೂ ಇಲ್ಲ. ಕಲ್ಪಿತ ಊರುಗಳ ನಡುವೆ ಗಯಾನ ಎಂಬ ನಿಜವಾದ ದೇಶದ ಹೆಸರು ಥಟ್ಟನೆ ಬಂದು ಬೆಚ್ಚಿಬೀಳಿಸುತ್ತದೆ. ನಾಲ್ಕೈದು ವಾಕ್ಯಗಳಲ್ಲಿ ಒಂದು ಕಾದಂಬರಿ ಮುಗಿದುಹೋಯಿತು. ಮರಿಯಾದ ಮ್ಯೂಟೂ ಒಂದು ಗುಹೆಯಲ್ಲಿ ಸಿಗುತ್ತದೆ, ಹಿಡಿಯಬಹುದು. ತಾಯಿ ಎಲ್ಲಿ? ಇಡೀ ಭೂಪಟವನ್ನು ಅಂಗುಲ ಅಂಗುಲ ಹುಡುಕಿದರೂ ಇಲ್ಲ.

ಆದರೆ ಕಾರ್ಟ್ರಿಜ್ಜಿನಲ್ಲಿ ಇದೆ.

ಅದು ಒಳಗೆ ಬಂದ ಕಥೆಯನ್ನು ಪ್ರೋಗ್ರಾಮರ್ ಶಿಗೆಕಿ ಮೊರಿಮೊಟೊ ಅವರೇ ಮುಂದೆ ಹೇಳಿದ್ದಾರೆ. ಆಟ ಸಿದ್ಧವಾಗಿತ್ತು, ಕಾರ್ಟ್ರಿಜ್ಜಿನಲ್ಲಿ ಸಾಸಿವೆಯಷ್ಟೂ ಜಾಗವಿರಲಿಲ್ಲ. ಕಟ್ಟಡ ಮುಗಿದ ಮೇಲೆ ಸಾರುವೆ ಬಿಚ್ಚುವಂತೆ, ದೋಷ ಹುಡುಕಲು ಇಟ್ಟಿದ್ದ ಸಲಕರಣೆಗಳನ್ನು ತೆಗೆದಾಗ ಸುಮಾರು ೩೦೦ ಬೈಟು ಬಿಡುವಾಯಿತು. ಅದರಲ್ಲಿ ಮ್ಯೂವನ್ನು ತುರುಕಿದರು. ಪರೀಕ್ಷೆಯೆಲ್ಲ ಮುಗಿದ ಕೃತಿಗೆ ಕೈಹಚ್ಚುವುದು ಈ ಕಸುಬಿನಲ್ಲಿ ಮಹಾಪರಾಧ. ಗೆಳೆಯರ ನಡುವಿನ ಒಂದು ತುಂಟತನವೆಂಬಂತೆ ಆದದ್ದು. ಕಾರ್ಟ್ರಿಜ್ಜಿನ ಒಳಗನ್ನು ಬಿಡಿಸಿ ಓದಿರುವ ಆಸಕ್ತರು ತೋರಿಸುವ ಸಾಕ್ಷ್ಯ ಈ ಮಾತಿಗೆ ಒಪ್ಪುತ್ತದೆ. ಉಳಿದ ೧೫೦ ಪ್ರಾಣಿಗಳ ಗುಣಲಕ್ಷಣಗಳು ಒಂದೇ ಸಾಲಿನಲ್ಲಿ, ಸಂಖ್ಯಾಕ್ರಮದಲ್ಲಿ ಇವೆ. ಮ್ಯೂವಿನದು ಮಾತ್ರ ಆ ಸಾಲಿನಲ್ಲಿಲ್ಲ. ಬೇರೊಂದು ಕಡೆ ಒಂಟಿಯಾಗಿ ಬಿದ್ದಿದೆ. ಓಲೆಗರಿಯ ಅಂಚಿನಲ್ಲಿ ಆಮೇಲೆ ಸೇರಿಸಿದ ಪದ್ಯವನ್ನು ಗುರುತಿಸಲು ಸಂಪಾದಕರು ಕೇಳುವ ಸಾಕ್ಷ್ಯ ಇಂಥದೇ. ವಿನೋದವೆಂದರೆ, ಒಳಗಿನ ಪಟ್ಟಿಯಲ್ಲಿ ಅದರ ಸಂಖ್ಯೆ ೨೧: ಆರ್ಕನೈನ್ ಮತ್ತು ಗ್ಯಾರಡೋಸ್ ನಡುವೆ, ತುಂಬ ಮುಂಚಿನ ಮನೆ. ಒಡಲು ಕೊನೆಯಲ್ಲಿ ಬಂದರೂ ಅದಕ್ಕೊಂದು ಎಲೆ ಪಂಕ್ತಿಯ ಆರಂಭದಲ್ಲೇ ಖಾಲಿಯಿತ್ತು. ೧೯೯೮ರಲ್ಲಿ ಬಂದ ಹಳದಿ ಪಾಠದಲ್ಲಿ ಅದನ್ನು ಉಳಿದವುಗಳ ಸಾಲಿಗೆ ಸೇರಿಸಿದರು. ಪ್ರಕ್ಷಿಪ್ತ ಮೂಲವಾಯಿತು.

ಮುಂದೆ ನಡೆದದ್ದು ವ್ಯಾಪಾರದ ಇತಿಹಾಸ. ಗುಟ್ಟು ಸೋರಿತು. ಕೊರೊಕೊರೊ ಎಂಬ ಮಕ್ಕಳ ಪತ್ರಿಕೆ ೧೯೯೬ರ ಏಪ್ರಿಲಿನಲ್ಲಿ, ಇಪ್ಪತ್ತು ಮಂದಿಗೆ ಮ್ಯೂ ಕೊಡುವುದಾಗಿ ಸಾರಿತು. ಬಂದ ಅರ್ಜಿಗಳು ೭೮,೦೦೦ಕ್ಕೂ ಮಿಕ್ಕು. ಮಂದವಾಗಿದ್ದ ಮಾರಾಟ ಏರಿತು. ಹಿಂದೆ ತಿಂಗಳಿಗೆ ಆಗುತ್ತಿದ್ದಷ್ಟು ವಾರಕ್ಕೆ ಆಯಿತೆಂದು ಸಂಬಂಧಪಟ್ಟವರೇ ನೆನೆದಿದ್ದಾರೆ. ಅಂದಿನಿಂದ ಈ ಮಾಲೆಯ ಪ್ರತಿಯೊಂದು ಆಟದಲ್ಲೂ ಒಂದು ಪ್ರಾಣಿಯನ್ನು ಒಳಗಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಉತ್ಸವಗಳಲ್ಲಿ ಹಂಚುವುದು ಸಂಪ್ರದಾಯವಾಯಿತು. ತುಂಟತನ ಪದ್ಧತಿಯಾದರೆ ಅದರ ರುಚಿ ಹೋಗುತ್ತದೆ. ‘ಕ್ರಿಸ್ಟಲ್’ ಎಂಬ ಆಟದಲ್ಲಿ ಸೆಲೆಬಿ ಎಂಬ ಪ್ರಾಣಿಯ ಇಡೀ ಪ್ರಸಂಗ ಬರೆದಿಟ್ಟಿದ್ದರು. ಜಪಾನಿನ ಮಕ್ಕಳು ಅದನ್ನು ಮೊಬೈಲ್ ಫೋನಿನ ಮೂಲಕ ಪಡೆದರು; ೨೦೦೧ರಲ್ಲಿ ಇಂಗ್ಲಿಷ್ ಪ್ರತಿ ಕೊಂಡವರ ಕೈಯಲ್ಲಿ ಆ ಪ್ರಸಂಗವಿತ್ತು, ಬಾಗಿಲಿರಲಿಲ್ಲ. ೨೦೧೮ರ ಜನವರಿಯಲ್ಲಿ ಹೊಸ ಯಂತ್ರಕ್ಕಾಗಿ ಅದೇ ಆಟವನ್ನು ಮರಳಿ ಹೊರತಂದಾಗ ಬಾಗಿಲು ತೆರೆದರು. ಹತ್ತು ವರ್ಷದ ಹುಡುಗ ಇಪ್ಪತ್ತೇಳರ ಗೃಹಸ್ಥನಾಗುವವರೆಗೆ ತನ್ನದೇ ಜೇಬಿನಲ್ಲಿದ್ದದ್ದಕ್ಕೆ ಕಾಯಬೇಕಾಯಿತು. ಕೊಂಡ ಪುಸ್ತಕದ ಕೆಲವು ಹಾಳೆಗಳನ್ನು ಅಂಟಿಸಿ ಮಾರಿದಂತೆ ಇದು. ಇಂಥಲ್ಲಿ ಹಾಳೆ ಬಿಡಿಸಿ ಓದುವವನನ್ನು ಕಳ್ಳನೆನ್ನಲು ನನಗೆ ಮನಸ್ಸಿಲ್ಲ.

ಕಳ್ಳತನದ ಮಾತು ಬಂದದ್ದರಿಂದ ಒಂದು ಭೇದವನ್ನು ಹೇಳಲೇಬೇಕು. ಓಕರ ಸೈನ್ಯ, ೩೯ ಖಾಲಿ ಮನೆ, ಮ್ಯೂ, ಇವೆಲ್ಲ ಕರ್ತೃಗಳೇ ಹಣ ಪಡೆದು ನಮ್ಮ ಕೈಗಿತ್ತ ವಸ್ತುವಿನಲ್ಲಿದ್ದವು. ಹಾಗಲ್ಲದ್ದೂ ಇದೆ. ‘ಚಿನ್ನ’, ‘ಬೆಳ್ಳಿ’ ಎಂಬ ಎರಡನೆಯ ಜೋಡಿ ಆಟಗಳು ಹೊರಬಂದದ್ದು ೧೯೯೯ರ ನವೆಂಬರಿನಲ್ಲಿ. ಅವುಗಳ ಒಂದು ಕರಡನ್ನು ೧೯೯೭ರ ಸ್ಪೇಸ್ ವರ್ಲ್ಡ್ ಪ್ರದರ್ಶನದಲ್ಲಿ ಜನರಿಗೆ ಸ್ವಲ್ಪ ಹೊತ್ತು ಆಡಲು ಕೊಟ್ಟಿದ್ದರು. ಆ ಕರಡು ೨೦೧೮ರಲ್ಲಿ ಬಯಲಾಯಿತು. ಅದರಲ್ಲಿ ಮುಂದೆ ಕೈಬಿಟ್ಟ ಪ್ರಾಣಿಗಳು ಹಲವು. ಎಂದೂ ಹುಟ್ಟದ ಮರಿಗಳು, ಎಂದೂ ಬೆಳೆಯದ ದೊಡ್ಡವು. ಯಾರದೋ ಮೇಜಿನ ಖಾನೆಯನ್ನು ಅವರಿಲ್ಲದಾಗ ಎಳೆದಂತೆ ಅನ್ನಿಸಿತು. ನೋಡಲಿಲ್ಲವೆ ಎಂದರೆ, ನೋಡಿದೆ. ಎರಡು ಬಾರಿ ನೋಡಿದೆ. ಆದರೆ ಅವುಗಳ ಗುಣದೋಷ ವಿಮರ್ಶೆ ಮಾಡಲು ನನಗೆ ಅಧಿಕಾರವಿಲ್ಲವೆಂದೂ ಅನ್ನಿಸಿತು. ಕೈಬಿಟ್ಟ ಕರಡಿನಲ್ಲಿರುವ ತಪ್ಪಿಗೆ ಯಾರನ್ನು ಹೊಣೆ ಮಾಡುವುದು? ಕೆಂಪು ಕಾರ್ಟ್ರಿಜ್ಜಿನೊಳಗಿನ ಉಳಿಕೆ ಕೃತಿಯ ಅಂಗವಲ್ಲದಿದ್ದರೂ ಕೃತಿಯ ಸಂಗಾತಿ. ಕರಡಿನಲ್ಲಿರುವುದು ಆ ಹತ್ತಿರದ ನಂಟೂ ಅಲ್ಲ. ಅದನ್ನು ಇತಿಹಾಸಕಾರ ಓದಲಿ. ವಿಮರ್ಶಕ ಓದಿ ಸುಮ್ಮನಿರಲಿ.

ಮತ್ತೆ ಮ್ಯೂವಿಗೆ ಬರುತ್ತೇನೆ. ಪತ್ರಿಕೆ ಹಂಚಿದ ಇಪ್ಪತ್ತು ಮ್ಯೂಗಳಿಗಿಂತ, ಸಿಗದೆ ಹೋದ ಮ್ಯೂ ಮಾಡಿದ ಕೆಲಸ ದೊಡ್ಡದು. ವರ್ಮಿಲಿಯನ್ ಎಂಬ ಬಂದರಿನಲ್ಲಿ ಹಡಗುಕಟ್ಟೆಯ ಪಕ್ಕ ಒಂದು ಟ್ರಕ್ ನಿಂತಿದೆ. ಇಡೀ ಆಟದಲ್ಲಿ ಅಂಥ ವಾಹನ ಇನ್ನೊಂದಿಲ್ಲ. ಸಾಮಾನ್ಯ ಕ್ರಮದಲ್ಲಿ ಆಡಿದವನಿಗೆ ಅದು ಕಾಣಸಿಗುವುದೂ ಇಲ್ಲ. ನೀರಿನ ಮೇಲೆ ಹೋಗುವ ಶಕ್ತಿ ಬರುವಷ್ಟರಲ್ಲಿ ಹಡಗು ಹೊರಟುಹೋಗಿ ಕಟ್ಟೆಯ ದಾರಿ ಮುಚ್ಚಿರುತ್ತದೆ. ಹಡಗು ಹೊರಡದಂತೆ ಉಪಾಯ ಹೂಡಿ ಈಜಿಹೋದವನಿಗೆ ಮಾತ್ರ ಟ್ರಕ್ಕಿನ ದರ್ಶನ. ಅದರಡಿಯಲ್ಲಿ ಮ್ಯೂ ಇದೆಯೆಂದು, ಬಲಶಾಲಿ ಪ್ರಾಣಿಯಿಂದ ಟ್ರಕ್ ತಳ್ಳಿಸಬೇಕೆಂದು ಶಾಲೆಯ ಅಂಗಳಗಳಲ್ಲಿ ಸುದ್ದಿ ಹಬ್ಬಿತು. ನನ್ನ ಅಕ್ಕನ ಮಗನೂ ಆ ಟ್ರಕ್ಕಿಗೆ ಹೆಗಲು ಕೊಟ್ಟವನೇ. ಟ್ರಕ್ ಅಲುಗಲಿಲ್ಲ. ಅದರ ಕೆಳಗೆ ಏನೂ ಇರಲಿಲ್ಲ. ಆದರೆ ಹುಡುಗರು ಮೂರ್ಖರಾಗಿರಲಿಲ್ಲ. ಮ್ಯೂ ಅದೇ ಕಾರ್ಟ್ರಿಜ್ಜಿನಲ್ಲಿತ್ತು, ಅವರ ಹೆಬ್ಬೆರಳುಗಳಿಂದ ಎರಡು ಅಂಗುಲ ದೂರದಲ್ಲಿ. ದಿನಚರಿ ಓದಿ, ಇಲ್ಲವೆಂಬ ಮಾತನ್ನು ನಂಬದೆ, ಇರಬೇಕೆಂದು ಹಠ ಹಿಡಿದದ್ದು ಸರಿಯಾದ ಓದೇ ಆಗಿತ್ತು. ಹುಡುಕಿದ ಜಾಗ ಮಾತ್ರ ತಪ್ಪು.

ಸರಿಯಾದ ಜಾಗ ಲೋಕಕ್ಕೆ ತಿಳಿದದ್ದು ೨೦೦೩ರಲ್ಲಿ, ಆಟ ಹುಟ್ಟಿ ಏಳು ವರ್ಷ ಕಳೆದ ಮೇಲೆ. ದೂರದಿಂದ ಎದುರಾಳಿಯ ಕಣ್ಣಿಗೆ ಬಿದ್ದ ಕ್ಷಣದಲ್ಲೇ ಅಲ್ಲಿಂದ ಹಾರಿ ತಪ್ಪಿಸಿಕೊಂಡರೆ ಯಂತ್ರಕ್ಕೆ ಗಲಿಬಿಲಿಯಾಗುತ್ತದೆ. ಬಾಕಿ ಉಳಿದ ಆ ಕಾಳಗವನ್ನು ಆಮೇಲೆ ತೀರಿಸುವಾಗ, ಕೊನೆಗೆ ಕಾದಾಡಿದ ಪ್ರಾಣಿಯ ಒಂದು ಗುಣಾಂಕವನ್ನೇ ಹೊಸ ಪ್ರಾಣಿಯ ಸಂಖ್ಯೆಯೆಂದು ಓದುತ್ತದೆ. ಊರಾಚೆಯ ದಾರಿಯಲ್ಲಿ ನಿಂತ ಒಬ್ಬ ಹುಡುಗನ ಬಳಿ ಸ್ಲೋಪೋಕ್ ಎಂಬ ಮಂದಬುದ್ಧಿಯ ಪ್ರಾಣಿಯಿದೆ. ಅದರ ಆ ಗುಣಾಂಕ ೨೧. ಅದನ್ನು ಸೋಲಿಸಿ ಹಿಂತಿರುಗಿದರೆ ಮ್ಯೂ ಬಂದು ನಿಲ್ಲುತ್ತದೆ.

ಮನೆಯಲ್ಲಿದ್ದ ಕಾರ್ಟ್ರಿಜ್ಜಿನಲ್ಲಿ ನಾನೂ ಇದನ್ನು ಮಾಡಿದೆ. ಅದರೊಳಗಿನ ಚಿಕ್ಕ ಬ್ಯಾಟರಿ ಎಂದೋ ಸತ್ತಿದೆ. ಹುಡುಗ ಉಳಿಸಿಟ್ಟಿದ್ದ ಆಟವೂ ಅವನಿಟ್ಟಿದ್ದ ಹೆಸರೂ ಹೋಗಿವೆ. ಯಂತ್ರ ಆರಿಸಿದರೆ ನಾನು ಆಡಿದ್ದೂ ಹೋಗುತ್ತದೆ. ಆದ್ದರಿಂದ ಮೊದಲಿನಿಂದ ಆರಂಭಿಸಿ, ಹುಡುಗನ ಹೆಸರನ್ನೇ ಇಟ್ಟು, ಒಂದು ಭಾನುವಾರ ಎದ್ದೇಳದೆ ಆಡಿದೆ. ಮ್ಯೂ ಬಂತು. ಪುಟ್ಟ ಬೆಕ್ಕಿನಂಥ ಪ್ರಾಣಿ, ನೀಳ ಬಾಲ. ಸಂತೋಷವಾಯಿತು, ಇಲ್ಲವೆನ್ನಲಾರೆ. ಆದರೂ ಸುಟ್ಟ ಬಂಗಲೆಯ ಹರಿದ ಪುಟದಲ್ಲಿ ಕಂಡ ಮ್ಯೂ ಇದಕ್ಕಿಂತ ದೊಡ್ಡದಾಗಿತ್ತು. ಯಂತ್ರವನ್ನು ಆರಿಸಿದೆ.

೨೦೦೪ರಲ್ಲಿ ಈ ಆಟವನ್ನು ಹೊಸ ಯಂತ್ರಕ್ಕಾಗಿ ಪೂರ್ತಿ ತಿದ್ದಿ ಬರೆದರು. ಬಂದರಿನ ಟ್ರಕ್ಕನ್ನು ತೆಗೆದುಹಾಕಬಹುದಾಗಿತ್ತು, ತೆಗೆಯಲಿಲ್ಲ. ಮ್ಯೂವನ್ನು ಅದರಡಿ ಇಡಬಹುದಾಗಿತ್ತು, ಅದನ್ನೂ ಮಾಡಲಿಲ್ಲ. ಈಜಿಕೊಂಡು ಅಲ್ಲಿಯವರೆಗೆ ಹೋಗಿ ಟ್ರಕ್ಕಿನ ಪಕ್ಕದ ನೆಲವನ್ನು ತಡಕಿದವರಿಗೆ ಒಂದು ಬಿಸ್ಕತ್ತು ಸಿಗುತ್ತದೆ.